ಎರಡನೇ ಗಂಟೆಯ ನಂತರ

ನಾನು ಬೆಳೆದದ್ದು ಶಿರಸಿಯಲ್ಲಿ, ಗಂಡುಮಕ್ಕಳ ವಿದ್ಯಾರ್ಥಿನಿಲಯವೊಂದರ ವಾರ್ಡನ್ ಮನೆಯಲ್ಲಿ. ಮನೆ ಎನ್ನುವುದಕ್ಕಿಂತ ನಿಲಯದ ಬೆನ್ನಿಗೆ ಅಂಟಿಸಿದ ಮೂರು ಕೋಣೆ ಎಂದರೆ ಸರಿ. ಮುಂದಿನ ಕೋಣೆ ಅಪ್ಪಯ್ಯನ ಕಚೇರಿ, ನಡುವಿನದು ನಾವು ನಾಲ್ವರು ಮಲಗುವುದಕ್ಕೆ, ಹಿಂದಿನದು ಅಡುಗೆಮನೆ. ಅಡುಗೆಮನೆಯ ಗೋಡೆಯಾಚೆಗೇ ಐವತ್ತು ಹುಡುಗರು ಸಾಲಾಗಿ ಕೂತು ಉಣ್ಣುವ ಊಟದ ಮನೆ. ಅಂಗಳದ ಹಲಸಿನ ಮರಕ್ಕೆ ರೈಲು ಕಂಬಿಯ ತುಂಡೊಂದನ್ನು ಸರಪಳಿಯಲ್ಲಿ ತೂಗುಹಾಕಿದ್ದರು. ನಮ್ಮ ಊರಿಗೆ ರೈಲು ಬಂದಿರಲಿಲ್ಲ, ಕಂಬಿ ಮಾತ್ರ ಎಲ್ಲಿಂದಲೋ ಬಂದಿತ್ತು. ಅದನ್ನು ಹೊಡೆಯುವ ಅಧಿಕಾರ ಅಪ್ಪಯ್ಯನೊಬ್ಬನಿಗೇ. ಐದಕ್ಕೆ ಏಳುವ ಗಂಟೆ, ಐದೂವರೆಗೆ ಓದುವ ಗಂಟೆ, ಹತ್ತಕ್ಕೆ ದೀಪ ಆರಿಸುವ ಗಂಟೆ. ಊಟಕ್ಕೆ ಮಾತ್ರ ಎರಡು. ಮೊದಲನೆಯದಕ್ಕೆ ಕೈಕಾಲು ತೊಳೆಯಬೇಕು, ಎರಡನೆಯದಕ್ಕೆ ತಾಟಿನ ಮುಂದೆ ಕೂತಿರಬೇಕು. ಎರಡನೇ ಗಂಟೆಯ ನಂತರ ಐದು ನಿಮಿಷ ಕಳೆದರೆ ಅಪ್ಪಯ್ಯ ಎದ್ದು ಬಾಗಿಲಿಗೆ ಅಗುಳಿ ಹಾಕುತ್ತಿದ್ದ. ಆಮೇಲೆ ಬಂದು ಬಡಿದವನಿಗೆ ಒಳಗಿನಿಂದ ಒಂದೇ ಉತ್ತರ: ಬೆಳಿಗ್ಗೆ ಏಳೂವರೆಗೆ ಗಂಜಿ ಇದೆ.

ಆ ನಿಯಮದಲ್ಲಿ ಕ್ರೌರ್ಯವೇನೂ ಇರಲಿಲ್ಲ ಎಂದು ನಾನು ಈಗಲೂ ವಾದಿಸಬಲ್ಲೆ. ಐವತ್ತು ಹುಡುಗರಿಗೆ ಐವತ್ತು ಹೊತ್ತಿನಲ್ಲಿ ಬಡಿಸುತ್ತ ಕೂತರೆ ಯಾರೂ ಓದುವುದಿಲ್ಲ, ಯಾರೂ ಮಲಗುವುದಿಲ್ಲ. ಆದರೆ ಆ ಬಾಗಿಲಿಗೆ ಅಗುಳಿ ಬಿದ್ದ ಸದ್ದು ಕೇಳಿದ ಕೂಡಲೇ ನಮ್ಮ ಆಯಿ, ಅಂದರೆ ಅಮ್ಮ, ಅಡುಗೆಮನೆಯ ಹಿಂದಿನ ಬಾಗಿಲಿನ ಅಗುಳಿ ತೆಗೆಯುತ್ತಿದ್ದಳು. ತಡವಾದವನು ಬಾವಿಯನ್ನು ಬಳಸಿಕೊಂಡು ಅಲ್ಲಿಗೆ ಬರುತ್ತಿದ್ದ. ಬಾಗಿಲ ಪಕ್ಕದ ಕಲ್ಲುಕಟ್ಟೆಯ ಮೇಲೆ ಹಿತ್ತಾಳೆಯ ಬೋಗುಣಿಯೊಂದು ಕವಚಿಕೊಂಡಿರುತ್ತಿತ್ತು, ಅದರ ಅಡಿಯಲ್ಲಿ ಅನ್ನ, ಸಾರು, ಒಂದು ಚೂರು ಉಪ್ಪಿನಕಾಯಿ. ಬಂದವನು ಯಾರೇ ಇರಲಿ ಆಯಿ ಹೇಳುವುದು ಎರಡೇ ಮಾತು, ತೊಳೆದುಕೋ, ಸದ್ದು ಮಾಡಬೇಡ ಎಂದು, ಅದೂ ಪಿಸುದನಿಯಲ್ಲಿ.

‘ಕೈಕಾಲು ತೊಳ್ಕ. ಗದ್ದಲ ಮಾಡಡ.’

ಬೋಗುಣಿ ಖಾಲಿಯಾಗುವ ತನಕ ಆಯಿ ಉಣ್ಣುತ್ತಿರಲಿಲ್ಲ. ಕೆಲವು ದಿನ ಯಾರೂ ತಡವಾಗುತ್ತಿರಲಿಲ್ಲ, ಆ ದಿನಗಳಲ್ಲೂ ಆಕೆ ಅರ್ಧ ಗಂಟೆ ಕಾದು, ಯಾರೂ ಬರುವುದಿಲ್ಲವೆಂದು ಖಾತ್ರಿ ಮಾಡಿಕೊಂಡು, ತಣ್ಣಗಾದದ್ದನ್ನು ತಾನೇ ಉಣ್ಣುತ್ತಿದ್ದಳು. ನನಗೆ ಇದನ್ನು ಕಂಡರೆ ಮೈಯೆಲ್ಲ ಉರಿಯುತ್ತಿತ್ತು. ಒಂದೇ ಮನೆಯಲ್ಲಿ ಮುಂದಿನ ಬಾಗಿಲಿಗೊಂದು ಕಾನೂನು, ಹಿಂದಿನ ಬಾಗಿಲಿಗೊಂದು ಕಾನೂನು. ಅಪ್ಪಯ್ಯನಿಗೆ ಇದು ಗೊತ್ತಿಲ್ಲವೆಂದು ನಾನು ಗಟ್ಟಿಯಾಗಿ ನಂಬಿದ್ದೆ. ಗೊತ್ತಿದ್ದರೆ ಆತ ಬಿಡುವವನೇ ಅಲ್ಲ.

ನನಗೆ ಹನ್ನೆರಡು, ತಮ್ಮ ಸುಬ್ಬುವಿಗೆ ಎಂಟು ವರ್ಷ ಇದ್ದಾಗ ಅವನು ಒಂದು ಸಂಜೆ ಬಸ್‌ಸ್ಟ್ಯಾಂಡಿನ ಹತ್ತಿರ ಯಾರೋ ಲಾರಿಯ ಇಂಜಿನ್ನು ಬಿಚ್ಚುವುದನ್ನು ನೋಡುತ್ತ ನಿಂತು ಊಟಕ್ಕೆ ತಡವಾದ. ಅಪ್ಪಯ್ಯ ಸ್ವಂತ ಮಗನಿಗೂ ಬಾಗಿಲು ತೆಗೆಯಲಿಲ್ಲ. ಆ ಕ್ಷಣ ನನಗೆ ಅಪ್ಪಯ್ಯನ ಮೇಲೆ ಎಷ್ಟು ಹೆಮ್ಮೆಯಾಯಿತೆಂದರೆ, ಎದ್ದು ಕಚೇರಿಗೆ ಹೋಗಿ, ಸುಬ್ಬು ಹಿಂದಿನ ಬಾಗಿಲಲ್ಲಿ ಉಣ್ಣುತ್ತಿದ್ದಾನೆಂದು ದೂರು ಹೇಳಿದೆ. ಬೋಗುಣಿಯ ವಿಷಯ, ಎಷ್ಟು ಕಾಲದಿಂದ ನಡೆಯುತ್ತಿದೆ, ಯಾರು ಯಾರು ಬರುತ್ತಾರೆ, ಎಲ್ಲವನ್ನೂ ಒಪ್ಪಿಸಿದೆ. ಅಪ್ಪಯ್ಯ ಬರೆಯುತ್ತಿದ್ದುದನ್ನು ನಿಲ್ಲಿಸದೆ ಕೇಳಿಸಿಕೊಂಡ. ‘ಗೊತ್ತಾತು. ಹೋಗಿ ಓದಲೆ ಕೂತ್ಕ’ ಎಂದ. ಅಷ್ಟೇ. ಮರುದಿನವೂ ಬೋಗುಣಿ ಅಲ್ಲೇ ಇತ್ತು. ಮರುದಿನ ಬೆಳಿಗ್ಗೆ ನನ್ನ ಜಡೆ ಹೆಣೆಯುತ್ತ ಆಯಿ, ಎಂದಿಗಿಂತ ಸ್ವಲ್ಪ ಬಿಗಿಯಾಗಿಯೇ ಹೆಣೆಯುತ್ತ, ಹೇಳಿದಳು:

‘ಹಸ್ದ ಹೊಟ್ಟೆಗೆ ಗಂಟೆ ಕೇಳ್ತಿಲ್ಲೆ ಕೂಸೆ. ನೀನೂ ಒಂದಿನ ತಡ ಆಗವು, ಅಂದ್ರೆ ಗೊತ್ತಾಗ್ತು.’

ನಾನು ತಡವಾಗಲಿಲ್ಲ. ಶಾಲೆಗೆ ಆಗಲಿಲ್ಲ, ಪರೀಕ್ಷೆಗೆ ಆಗಲಿಲ್ಲ, ನೌಕರಿಗೆ ಆಗಲಿಲ್ಲ. ಮದುವೆಗೆ ಮಾತ್ರ ಹೊತ್ತು ಕೂಡಿಬರಲಿಲ್ಲ, ಅದಕ್ಕೆ ನಾನು ಕಾರಣಳಲ್ಲ. ಅಪ್ಪಯ್ಯನ ಮಗಳಿಗೆ ತಕ್ಕ ಹಾಗೆ ಯಲ್ಲಾಪುರದಲ್ಲಿ ಹೆಣ್ಣುಮಕ್ಕಳ ಹಾಸ್ಟೆಲ್ಲಿನ ವಾರ್ಡನ್ ಆದೆ. ಅಲ್ಲಿಯೂ ಎರಡು ಗಂಟೆ, ಐದು ನಿಮಿಷ, ಅಗುಳಿ. ಸುಬ್ಬು ಸಿದ್ದಾಪುರದಲ್ಲಿ ಪಂಪ್‌ಸೆಟ್ಟಿನ ಮೋಟರುಗಳಿಗೆ ತಂತಿ ಸುತ್ತುವ ಅಂಗಡಿ ಇಟ್ಟುಕೊಂಡ. ತನ್ನ ಮದುವೆಯ ದಿಬ್ಬಣಕ್ಕೇ ಅವನು ಮುಕ್ಕಾಲು ತಾಸು ತಡವಾಗಿ ಬಂದ. ದಾರಿಯಲ್ಲಿ ಯಾರದೋ ಪಂಪು ಕೆಟ್ಟು ನಿಂತಿತ್ತಂತೆ. ಅಪ್ಪಯ್ಯ ನಿವೃತ್ತನಾದ ಮೇಲೆ ಅವನೂ ಆಯಿಯೂ ಸುಬ್ಬುವಿನ ಮನೆಯಲ್ಲೇ ಇದ್ದರು. ಅಪ್ಪಯ್ಯ ಏಳೂವರೆಗೆ ಉಂಡು ಏಳುತ್ತಿದ್ದ, ಸುಬ್ಬು ತನಗೆ ತೋಚಿದಾಗ ಹಿತ್ತಿಲ ಕಡೆಯಿಂದ ಗ್ರೀಸು ಕೈಯಲ್ಲಿ ಬರುತ್ತಿದ್ದ. ಶಿರಸಿಯ ಅದೇ ಬೋಗುಣಿ ಸಿದ್ದಾಪುರದ ಹಿತ್ತಿಲ ಕಟ್ಟೆಯ ಮೇಲೂ ಕವಚಿಕೊಂಡಿರುತ್ತಿತ್ತು. ಅಪ್ಪ ಮಗ ಒಂದೇ ಪಂಕ್ತಿಯಲ್ಲಿ ಕೂತು ಉಂಡದ್ದು ಕಡಿಮೆ, ಮಾತಾಡಿದ್ದು ಅದಕ್ಕಿಂತ ಕಡಿಮೆ. ನಡುವೆ ಆಯಿ ಇದ್ದಳು. ಆದ್ದರಿಂದ ಯಾರಿಗೂ ತೊಂದರೆಯಾಗಿರಲಿಲ್ಲ.

ತೊಂಬತ್ತರ ದಶಕದ ಮಾತು. ಆ ವರ್ಷ ದೊಡ್ಡಹಬ್ಬಕ್ಕೆ, ಅಂದರೆ ದೀಪಾವಳಿಗೆ, ಎರಡು ದಿನ ಮೊದಲೇ ಬಾ ಎಂದು ಆಯಿ ಫೋನಿನಲ್ಲಿ ಹೇಳಿದ್ದಳು. ಹುಡುಗಿಯರು ಊರಿಗೆ ಹೋದ ಮೇಲೆ ಹಾಸ್ಟೆಲ್ಲಿಗೆ ಸುಣ್ಣ ಹೊಡೆಸುವುದಿತ್ತು. ಪ್ರತಿ ವರ್ಷದಂತೆ ಗೋಪೂಜೆಯ ದಿನ ಒಂಬತ್ತರ ಬಸ್ಸಿಗೇ ಬರುತ್ತೇನೆ ಎಂದೆ. ‘ಆತು, ನಿಂಗೆ ಹೆಂಗೆ ಅನುಕೂಲವೋ ಹಂಗೆ’ ಎಂದಳು. ಗೋಪೂಜೆಯ ಬೆಳಿಗ್ಗೆ ಆರೂವರೆಗೆ ಹಾಸ್ಟೆಲ್ಲಿನ ಆಫೀಸಿನಲ್ಲಿ ಫೋನು ಬಡಿಯಿತು. ಅಪ್ಪಯ್ಯ.

‘ಆಯಿ ಹೋತು. ಐದೂಕಾಲಿಗೆ. ಹೊರಡು.’

ಏನಾಯಿತೆಂದು ಕೇಳುವಷ್ಟರಲ್ಲಿ ಫೋನು ಇಟ್ಟಾಗಿತ್ತು. ನಮ್ಮ ಕಡೆ ಸಾವಿನ ಸುದ್ದಿಯನ್ನು ಯಾರೂ ಹಾಗೆ ಹೇಳುವುದಿಲ್ಲ. ಸ್ವಲ್ಪ ಜೋರಿದೆ, ಒಮ್ಮೆ ಬಂದು ಹೋಗು ಎನ್ನುತ್ತಾರೆ. ಹೆಣ್ಣುಮಗಳಾದರಂತೂ ಸುದ್ದಿಯ ಬದಲು ಮನುಷ್ಯನನ್ನೇ ಕಳಿಸುತ್ತಾರೆ. ಅವನು ಬಂದು, ಒಂದು ಲೋಟ ಚಹಾ ಕುಡಿಸಿ, ಜೊತೆಗೆ ಕರೆದುಕೊಂಡು ಹೊರಡುತ್ತಾನೆ. ಇದು ಆಯಿಯ ಕಡೆಯ ಪದ್ಧತಿ. ಅಂಥ ಸುದ್ದಿ ಹೊತ್ತುಕೊಂಡು ಯಾರೂ ಒಬ್ಬರೇ ದಾರಿ ನಡೆಯಬಾರದು ಎಂದು ಆಕೆ ಹೇಳುತ್ತಿದ್ದಳು. ಅಪ್ಪಯ್ಯನ ಪದ್ಧತಿ ಬೇರೆ: ಕರೆ ಬಂದವನು ಹತ್ತು ನಿಮಿಷದೊಳಗೆ ಹೊರಟಿರಬೇಕು, ಯಾರನ್ನೂ ಕಾಯಬಾರದು. ನನ್ನ ಚೀಲ ಹಿಂದಿನ ದಿನವೇ ಸಿದ್ಧವಾಗಿತ್ತು. ಅಡುಗೆಯ ನಾಗಮ್ಮನಿಗೆ ಬೀಗದಕೈ ಕೊಟ್ಟು ಎಂಟನೆಯ ನಿಮಿಷಕ್ಕೆ ರಸ್ತೆಯಲ್ಲಿದ್ದೆ. ಸುಬ್ಬು ನನ್ನನ್ನು ಕರೆತರಲು ಪಕ್ಕದ ಮನೆಯವರ ಜೀಪು ಕೇಳಿಕೊಂಡು ಸಿದ್ದಾಪುರದಿಂದ ಯಲ್ಲಾಪುರಕ್ಕೆ ಹೊರಟಿದ್ದಾನೆಂದು ನನಗೆ ಯಾರೂ ಹೇಳಲಿಲ್ಲ. ನಾನು ಹೊರಟಾಗಿದೆಯೆಂದು ಅವನಿಗೂ ಯಾರೂ ಹೇಳಲಿಲ್ಲ. ಅವನು ಅಪ್ಪಯ್ಯನನ್ನು ಕೇಳಿರಲಿಲ್ಲ, ಅಪ್ಪಯ್ಯ ಅವನಿಗೆ ತಿಳಿಸಿರಲಿಲ್ಲ. ಅವರಿಬ್ಬರ ನಡುವೆ ಮಾತು ದಾಟಿಸುತ್ತಿದ್ದವಳು ಜಗಲಿಯ ಒಳಗೆ ಮಲಗಿದ್ದಳು.

ಹಬ್ಬದ ದಿನ ಬಸ್ಸುಗಳೇ ಕಡಿಮೆ. ಏಳೂಮುಕ್ಕಾಲಿಗೆ ಸಿಕ್ಕ ಬಸ್ಸು ಮದುಮಗನ ಹಾಗೆ ಅಲಂಕಾರ ಮಾಡಿಕೊಂಡಿತ್ತು. ಮುಂಭಾಗಕ್ಕೆ ಎರಡು ಬಾಳೆಗಿಡ, ಮಾವಿನ ತೋರಣ, ಕೈತೋಳಿನಷ್ಟು ದಪ್ಪದ ಚೆಂಡುಹೂವಿನ ಹಾರ ನಾಲ್ಕು ಸುತ್ತು. ಸೀಟು ಸಿಗಲಿಲ್ಲ. ಮಂಚಿಕೇರಿ ದಾಟುವ ತನಕ ನಾಲ್ಕು ಸಲ ಬಸ್ಸು ನಿಂತಿತು, ನಾಲ್ಕು ಸಲವೂ ದನಗಳಿಗಾಗಿ. ಕೊರಳಿಗೆ ಹೂವು, ಅಡಿಕೆ, ವೀಳ್ಯದೆಲೆಯ ಮಾಲೆ ಹಾಕಿಕೊಂಡು ಅವು ರಸ್ತೆಯ ನಡುವೆ ನಿಂತಿರುತ್ತಿದ್ದವು. ಆ ದಿನ ಅವುಗಳಿಗೆ ಹಾರ್ನು ಹೊಡೆಯಬಾರದಂತೆ. ಚಾಲಕ ಕೈಮುಗಿದು ಕಾಯುತ್ತಿದ್ದ, ನಾನು ಗಡಿಯಾರ ನೋಡಿಕೊಳ್ಳುತ್ತಿದ್ದೆ. ಭೈರುಂಬೆಗೆ ಇನ್ನೂ ಒಂದು ಹರದಾರಿ, ಅಂದರೆ ಮೂರು ಮೈಲಿ, ಇರುವಾಗ ಏರಿನಲ್ಲಿ ಬಸ್ಸಿನ ಮುಂದಿನಿಂದ ಬಿಳಿ ಉಗಿ ಎದ್ದಿತು. ಎಲ್ಲರೂ ಇಳಿದೆವು. ಸುಬ್ಬುವಿನ ಅಕ್ಕನಾಗಿ ಅಷ್ಟು ಮಾತ್ರ ನನಗೂ ಗೊತ್ತಿತ್ತು: ಗಾಳಿ ಹೋಗುವ ಜಾಗಕ್ಕೆ ಅಷ್ಟೊಂದು ಹೂವು ತುಂಬಿದರೆ ಇಂಜಿನ್ನು ಕುದಿಯದೆ ಏನು ಮಾಡುತ್ತದೆ? ಹಾರ ತೆಗೆಯಿರಿ ಎಂದೆ. ಚಾಲಕ ಹಾವೇರಿ ಕಡೆಯವನು, ವಿನಯದಿಂದ ತಲೆಯಾಡಿಸಿದ.

‘ಪೂಜಿ ಮಾಡಿ ಕಟ್ಟೀವ್ರಿ ಅಕ್ಕಾರ. ಸಂಜೀಮಟ ತಗಿಯಾಕ ಬರಂಗಿಲ್ರಿ.’

ನಾನೇ ತೆಗೆದೆ. ಚೀಲದಲ್ಲಿ ಕತ್ತರಿ ಇತ್ತು, ಯಾವಾಗಲೂ ಇರುತ್ತದೆ. ನಾಲ್ಕು ಸುತ್ತನ್ನೂ ಕತ್ತರಿಸಿ ರಸ್ತೆಬದಿಯಲ್ಲಿ ನಿಂತಿದ್ದ ಒಂದು ಹಸುವಿನ ಮುಂದೆ ಹಾಕಿದೆ. ಅದು ತಿನ್ನತೊಡಗಿತು. ಜನ ಎರಡು ಪಂಗಡವಾದರು. ಒಂದು ಪಂಗಡ ನನ್ನನ್ನು ಬಯ್ಯುವುದಕ್ಕೆ, ಇನ್ನೊಂದು ಹಸು ತಿಂದದ್ದರಿಂದ ದೋಷವಿಲ್ಲ ಎನ್ನುವುದಕ್ಕೆ. ಬಸ್ಸು ಮಾತ್ರ ಹೊರಡಲಿಲ್ಲ. ನೀರಿನ ಕೊಳವೆಯೇ ಒಡೆದಿತ್ತು. ಕಂಡಕ್ಟರಿಗೆ, ನಾನು ಭೈರುಂಬೆಗೆ ನಡೆದು ಹೋಗುತ್ತಿದ್ದೇನೆ, ಯಾರಾದರೂ ಕೇಳಿದರೆ ಹೇಳಿ ಎಂದು ತಿಳಿಸಿ ನಡೆದೆ.

ಭೈರುಂಬೆಯಲ್ಲಿ ಟೆಲಿಫೋನಿನ ತಂತಿ ಇಳಿದಿದ್ದ ಮೊದಲ ಮನೆಯ ಅಂಗಳದಲ್ಲಿ ನಿಂತೆ. ಕೊಟ್ಟಿಗೆಯ ಎದುರು ಗೋಪೂಜೆಯ ಸಿದ್ಧತೆ ನಡೆದಿತ್ತು. ನನಗೆ ಸೂತಕ. ಅದನ್ನು ಮುಚ್ಚಿಟ್ಟು ಹಬ್ಬದ ಮನೆಯೊಳಗೆ ಕಾಲಿಡುವಂತಿಲ್ಲ, ಹೇಳಿದರೆ ಅವರು ಒಳಗೆ ಕರೆಯುವಂತಿಲ್ಲ. ಹೇಳಿದೆ. ಮನೆಯಾಕೆ ನನ್ನದೇ ವಯಸ್ಸಿನವಳು, ಕೈಯಲ್ಲಿ ಆರತಿ ತಟ್ಟೆ ಇತ್ತು, ಅದನ್ನು ಕೆಳಗಿಟ್ಟು ನಂಬರು ಕೇಳಿದಳು. ಹಾಗಾಗಿ ಸಿದ್ದಾಪುರದ ಮಾತುಕತೆ ನಡೆದದ್ದು ಹೀಗೆ: ನಾನು ಅಂಗಳದಿಂದ ಕೂಗುವುದು, ಆಕೆ ಒಳಗೆ ಅದನ್ನು ಫೋನಿಗೆ ಹೇಳುವುದು, ಬಂದ ಉತ್ತರವನ್ನು ಕಿಟಕಿಯಿಂದ ನನಗೆ ಕೂಗುವುದು. ಆಕಡೆ ಫೋನು ಎತ್ತಿದ್ದು ಸುಬ್ಬುವಿನ ಹೆಂಡತಿ ಮಂಗಲ. ಸುಬ್ಬು ಏಳೂವರೆಗೇ ಜೀಪಿನಲ್ಲಿ ನನ್ನನ್ನು ಕರೆತರಲು ಹೊರಟಿದ್ದಾನೆಂದು ನನಗೆ ಗೊತ್ತಾದದ್ದು ಆಗ, ಆ ಕಿಟಕಿಯ ಮೂಲಕ. ಈಗಷ್ಟೇ ಒಂದು ಜೀಪು ಯಲ್ಲಾಪುರದ ಕಡೆ ಧೂಳೆಬ್ಬಿಸಿಕೊಂಡು ಹೋಯಿತಲ್ಲ ಎಂದು ಕೊಟ್ಟಿಗೆಯ ಕಡೆಯಿಂದ ಯಾರೋ ಹೇಳಿದರು. ಮನೆಯಾಕೆ ಹೊರಗೆ ಬಂದಳು.

‘ನಿಂಗ ಇಲ್ಲೇ ಕಟ್ಟೆ ಮೇಲೆ ಕೂತ್ಕಳಿ ಅಕ್ಕ. ಅವು ವಾಪಸ್ ಇದೇ ದಾರಿಲಿ ಬರವು. ಕೂತ್ರೆ ಸಿಕ್ಕೇ ಸಿಗ್ತ.’

ಆಕೆ ಹೇಳಿದ್ದು ಶುದ್ಧ ವಿವೇಕ. ಈಗ ಯಾರಿಗೆ ಈ ಕತೆ ಹೇಳಿದರೂ, ನೀನು ಯಾಕೆ ಕೂರಲಿಲ್ಲ ಎಂದು ಕೇಳುತ್ತಾರೆ. ಕಾಯುವುದು ನನಗೆ ಬರುತ್ತಿರಲಿಲ್ಲ, ಅಷ್ಟೇ. ಕಾಯುವುದೆಂದರೆ ತಪ್ಪು ಮಾಡಿದವನಿಗೆ ರಿಯಾಯಿತಿ ಕೊಡುವುದು ಎಂದೇ ನಾನು ಕಲಿತದ್ದು. ಕೇಳದೆ ಹೊರಟವನು ಸುಬ್ಬು. ಅವನ ಅವ್ಯವಸ್ಥೆಗೆ ನಾನೇಕೆ ಕೂರಬೇಕು? ಜೊತೆಗೆ, ಅಪ್ಪಯ್ಯ ನನಗಾಗಿ ಒಂದು ನಿಮಿಷವೂ ನಿಲ್ಲುವುದಿಲ್ಲ, ತಡವಾದರೆ ಆಯಿಯ ಮುಖ ಸಿಗುವುದಿಲ್ಲ ಎನ್ನುವ ಹೆದರಿಕೆ ಇತ್ತು. ಅಷ್ಟರಲ್ಲಿ ಶಿರಸಿಗೆ ಕಬ್ಬು ಒಯ್ಯುವ ಟೆಂಪೋ ಒಂದು ಬಂತು. ಜೀಪು ಬಂದರೆ ನಾನು ಹೋದೆನೆಂದು ಹೇಳಿ ಎಂದು ಆಕೆಗೆ ಒಪ್ಪಿಸಿ, ಕಬ್ಬಿನ ಕಂತೆಗಳ ನಡುವೆ ಹತ್ತಿ ಕೂತೆ.

ಶಿರಸಿಗೆ ಹನ್ನೊಂದರ ಒಳಗೆ ತಲುಪಿದೆ. ಸಿದ್ದಾಪುರದ ಹನ್ನೊಂದರ ಬಸ್ಸು ಹಬ್ಬದ ಪ್ರಯುಕ್ತ ಇರಲಿಲ್ಲ. ಮುಂದಿನದು ಹನ್ನೆರಡೂವರೆಗೆ, ಬಂದರೆ. ಬಾಡಿಗೆ ಕಾರಿನವರೊಬ್ಬರನ್ನು ಕೇಳಿದೆ. ಗಾಡಿಯನ್ನು ಪೂಜೆಗೆ ನಿಲ್ಲಿಸಿದ್ದೇವೆ, ಸಂಜೆ ಮಂಗಳಾರತಿಯಾಗದೆ ತೆಗೆಯುವುದಿಲ್ಲ ಎಂದರು. ಸೂತಕದವಳು ಪೂಜೆಯ ಗಾಡಿಯಲ್ಲಿ ಕೂರುತ್ತೇನೆಂದು ಕೇಳಿದ್ದೇ ಅವರಿಗೆ ಹಿಡಿಸಲಿಲ್ಲ. ಕಬ್ಬಿನ ಸಿಬಿರುಗಳನ್ನು ಸೀರೆಯಿಂದ ಆರಿಸಿ ತೆಗೆಯುತ್ತ ಬಸ್‌ಸ್ಟ್ಯಾಂಡಿನ ಬೆಂಚಿನಲ್ಲಿ ಕೂತೆ. ಹಳೆಯ ವಿದ್ಯಾರ್ಥಿನಿಲಯ ಅಲ್ಲಿಂದ ಹತ್ತು ನಿಮಿಷದ ದಾರಿ. ಹೋಗಿ ಒಮ್ಮೆ ಆ ಹಿಂದಿನ ಬಾಗಿಲನ್ನು ನೋಡಿ ಬರಬಹುದಿತ್ತು. ಎರಡು ಸಲ ಎದ್ದೆ, ಎರಡು ಸಲವೂ ಬಸ್ಸು ಮೊದಲೇ ಬಂದುಬಿಟ್ಟರೆ ಎಂದು ಕೂತೆ. ಬಸ್ಸು ಮೊದಲು ಬರಲಿಲ್ಲ, ಹೊತ್ತಿಗೂ ಬರಲಿಲ್ಲ. ಕಾಯುವುದು ಬರದವಳು ಒಟ್ಟು ಎರಡು ತಾಸು ಕಾದೆ. ಅಷ್ಟು ಹೊತ್ತನ್ನು ಭೈರುಂಬೆಯ ಕಟ್ಟೆಯ ಮೇಲೆ ಕಾದಿದ್ದರೆ ಕತೆ ಬೇರೆಯಾಗುತ್ತಿತ್ತು.

ಸಿದ್ದಾಪುರದ ಮನೆಯ ಅಂಗಳಕ್ಕೆ ಕಾಲಿಟ್ಟಾಗ ಎರಡೂಕಾಲು. ಜನ ಅಂಗಳದಲ್ಲಿ ಗುಂಪುಗುಂಪಾಗಿ ನಿಂತಿದ್ದರು, ಚಟ್ಟ ಕಟ್ಟಿ ಆಗಿತ್ತು. ಎಲ್ಲರೂ ನನ್ನನ್ನು ಕಂಡು ನನ್ನ ಹಿಂದೆ ನೋಡಿದರು. ಅಪ್ಪಯ್ಯ ಜಗಲಿಯ ತುದಿಯಲ್ಲಿ ಒದ್ದೆ ಪಂಚೆಯಲ್ಲಿ ನಿಂತಿದ್ದ. ಅವನೂ ನನ್ನ ಹಿಂದೆಯೇ ನೋಡಿದ.

‘ಸುಬ್ಬು ಎಲ್ಲಿ?’

ಆಗ ನನಗೆ ಹೊಳೆಯಿತು: ಇಡೀ ದಿನ, ತಡವಾಗುತ್ತಿರುವವಳು ನಾನೇ ಎಂದು ಓಡಿಬಂದಿದ್ದೆ. ನಾನಿಲ್ಲದೆ ಯಾವ ಕೆಲಸವೂ ನಿಲ್ಲುತ್ತಿರಲಿಲ್ಲ. ಬೆಂಕಿ ಕೊಡಬೇಕಾದವನು ಮಗ, ಅವನು ನನ್ನನ್ನು ಹುಡುಕಿಕೊಂಡು ಎಲ್ಲೋ ಅಲೆಯುತ್ತಿದ್ದ. ಒಳಗೆ ಹೋದೆ. ಆಯಿಯನ್ನು ದರ್ಭೆಯ ಮೇಲೆ ದಕ್ಷಿಣಕ್ಕೆ ತಲೆ ಮಾಡಿ ಮಲಗಿಸಿದ್ದರು. ಹಬ್ಬಕ್ಕೆಂದು ಬೆಳಗಿನ ಜಾವ ಎಣ್ಣೆ ಹಚ್ಚಿಕೊಂಡಿದ್ದ ಕೂದಲು ಹಾಗೇ ಹೊಳೆಯುತ್ತಿತ್ತು. ಅಪ್ಪಯ್ಯನಿಗೆ ಐದೂಕಾಲಿಗೆ ಚಹಾ ಬಾರದ್ದನ್ನು ಕಂಡು ಹೋಗಿ ನೋಡಿದರೆ ಬಚ್ಚಲ ಒಲೆಯ ಮುಂದೆ ಗೋಡೆಗೆ ಒರಗಿ ಕೂತಿದ್ದಳಂತೆ. ಮಂಗಲ ಅದನ್ನು ಮೂರು ಸಲ ಹೇಳಿದಳು, ನಾನು ಮೂರು ಸಲವೂ ಕೇಳಿದೆ. ಮುಖ ಸಿಕ್ಕಿತು. ಆ ಒಂದು ಕಾರಣಕ್ಕೆ ನಾನು ಕಬ್ಬಿನ ಟೆಂಪೋ ಹತ್ತಿದ್ದು, ಅದು ಕೈಗೂಡಿತ್ತು, ಆದರೂ ಸ್ವಲ್ಪವೂ ಸಮಾಧಾನವಾಗಲಿಲ್ಲ.

ಮೂರು ಹೊಡೆಯಿತು, ಮೂರೂವರೆ ಆಯಿತು. ಹೆಣ ಎತ್ತುವ ತನಕ ಮನೆಯವರು ಉಣ್ಣುವಂತಿಲ್ಲ. ಬಂದ ನೆಂಟರು ಬೆಳಗಿನಿಂದ ಹಸಿದಿದ್ದರು, ಹಸಿದವರು ಸಲಹೆ ಕೊಡತೊಡಗಿದರು. ಮಂಗಲಳ ತವರು ತ್ಯಾಗಲಿಯಿಂದ ಬಂದ ಅವಳ ಚಿಕ್ಕಪ್ಪ, ಒಬ್ಬರನ್ನು ಹುಡುಕಲು ಒಬ್ಬರು ಹೋದದ್ದು ಸಾಕು, ಈಗ ಅವನನ್ನು ಹುಡುಕಲು ಇನ್ನೊಂದು ಗಾಡಿ ಕಳಿಸಬೇಡಿ ಎಂದರು. ಅದೊಂದೇ ಆ ದಿನ ನಾನು ಕೇಳಿದ ಸರಿಯಾದ ಮಾತು. ಭಟ್ಟರು ಬಿಸಿಲು ನೋಡುತ್ತಿದ್ದರು. ಹೊತ್ತು ಮುಳುಗುವ ಮೊದಲು ಬೆಂಕಿ ಬೀಳಬೇಕು, ಮಗ ಬಾರದಿದ್ದರೆ ಗಂಡನೇ ಕೊಡಬಹುದು, ಶಾಸ್ತ್ರಕ್ಕೆ ತೊಂದರೆಯಿಲ್ಲ ಎಂದು ಅವರು ಅಪ್ಪಯ್ಯನಿಗೆ ಹೇಳಿದರು. ಅಪ್ಪಯ್ಯ ಗಡಿಯಾರ ನೋಡಿಕೊಂಡ.

‘ನಾಲ್ಕೂವರೆಗೆ ಎತ್ತನ. ಆನೇ ಬೆಂಕಿ ಕೊಡ್ತೆ.’

ಅವನೇ ಬೆಂಕಿ ಕೊಡುತ್ತಾನೆಂದ ಮೇಲೆ ಅಂಗಳದಲ್ಲಿ ಎಲ್ಲರಿಗೂ ಸಮಾಧಾನವಾಯಿತು. ನನಗೆ ಮಾತ್ರ ಶಿರಸಿಯ ಊಟದ ಮನೆಯ ಅಗುಳಿ ಬಿದ್ದ ಸದ್ದು ಕಿವಿಯಲ್ಲೇ ಕೇಳಿದ ಹಾಗಾಯಿತು. ಈ ಬಾಗಿಲು ಮುಚ್ಚಿದರೆ ಬೆಳಿಗ್ಗೆ ಗಂಜಿ ಇಲ್ಲ. ಸುಬ್ಬು ಬಂದು ನೋಡುವಾಗ ಬೂದಿ ಇರುತ್ತದೆ. ಆಮೇಲೆ ಅವನು ಮತ್ತು ಅಪ್ಪಯ್ಯ ಒಂದೇ ಸೂರಿನಡಿ ಎಷ್ಟು ವರ್ಷ ಬದುಕಿದರೂ ಮಾತಾಡುವುದಿಲ್ಲ, ಅವರ ನಡುವೆ ಇದ್ದವಳು ಇನ್ನಿಲ್ಲ. ಇದೆಲ್ಲ ನನಗೆ ಲೆಕ್ಕದ ಹಾಗೆ ಸ್ಪಷ್ಟವಾಗಿ ಕಂಡಿತು. ಜೀವಮಾನದಲ್ಲಿ ಮೊದಲ ಸಲ ಅಪ್ಪಯ್ಯನಿಗೆ ಎದುರು ಮಾತಾಡುವುದಕ್ಕೆ ಹೋಗಿ ಜಗಲಿಯ ತುದಿಯಲ್ಲಿ ನಿಂತೆ. ಭೈರುಂಬೆಯಲ್ಲಿ ಕಾಯಲು ಹೇಳಿದ್ದರು, ನಾನು ಕಾಯಲಿಲ್ಲ, ಅವನ ತಡಕ್ಕೆ ಕಾರಣ ನಾನು ಎಂದೆ. ಅಪ್ಪಯ್ಯ ನನ್ನನ್ನು ನೋಡಲಿಲ್ಲ.

‘ನೀ ಮಾಡಿದ್ದು ಸರಿ. ಕರೆದ್ರೆ ಹೊರಡವು.’

‘ಸರಿನೇ. ಆದ್ರೂ ಆಯಿ ಇದ್ದಿದ್ರೆ ಅವ ಬಪ್ಪತನಕ ಉಣ್ತಿತ್ತಿಲ್ಲೆ, ಅಪ್ಪಯ್ಯ.’

ನಾಲ್ಕೂಕಾಲಾಯಿತು. ನಾಲ್ಕೂವರೆಯಾಯಿತು. ಜನ ಎದ್ದು ನಿಂತರು, ಹೊರುವವರು ಹೆಗಲಿಗೆ ವಸ್ತ್ರ ಹಾಕಿಕೊಂಡರು. ಅಪ್ಪಯ್ಯ ಗಡಿಯಾರ ನೋಡಿದ. ಎಪ್ಪತ್ತೈದು ವರ್ಷದ ಆ ಮನುಷ್ಯ ಹೇಳಿದ ಹೊತ್ತಿಗೆ ಹೇಳಿದ ಕೆಲಸ ಮಾಡದೆ ಇದ್ದದ್ದನ್ನು ನಾನು ಯಾವತ್ತೂ ನೋಡಿರಲಿಲ್ಲ. ಅವನು ಜಗಲಿಯಿಂದ ಇಳಿದ. ಇಳಿದವನು ಅಂಗಳಕ್ಕೆ ಬರದೆ ಮನೆಯನ್ನು ಬಳಸಿಕೊಂಡು ಹಿತ್ತಿಲ ಕಡೆ ನಡೆದ. ಭಟ್ಟರು ನನ್ನ ಮುಖ ನೋಡಿದರು. ನಾನು ಹಿಂದೆ ಹೋದೆ. ಅಪ್ಪಯ್ಯ ಹಿಂದಿನ ಬಾಗಿಲ ಕಲ್ಲುಕಟ್ಟೆಯ ಮೇಲೆ ಕೂತಿದ್ದ. ಅವನು ಅಲ್ಲಿ ಕೂತದ್ದನ್ನು, ಶಿರಸಿಯಲ್ಲಾಗಲಿ ಸಿದ್ದಾಪುರದಲ್ಲಾಗಲಿ, ನಾನು ನೋಡಿದ್ದೇ ಇಲ್ಲ. ಪಕ್ಕದಲ್ಲಿ ಹಿತ್ತಾಳೆಯ ಬೋಗುಣಿ ಇತ್ತು. ಹಿಂದಿನ ರಾತ್ರಿ ಸುಬ್ಬು ಉಂಡು ತೊಳೆದಿಟ್ಟದ್ದು.

‘ಇಲ್ಲಿ ಎಂತಕ್ಕೆ ಕೂತೆ?’ ಎಂದೆ.

‘ಅವ ಯಾವಾಗ್ಲೂ ಈ ಕಡಿಂದ್ಲೇ ಬತ್ನಲೆ,’ ಎಂದ ಅಪ್ಪಯ್ಯ. ಸ್ವಲ್ಪ ರೇಗಿದ ದನಿಯಲ್ಲೇ, ಇಷ್ಟು ಗೊತ್ತಿಲ್ಲವೇ ನಿನಗೆ ಎನ್ನುವ ಹಾಗೆ.

ಮುಂಭಾಗದಲ್ಲಿ ಗೊಣಗಾಟ ಏರುತ್ತಿತ್ತು. ಎರಡು ಸಲ ಭಟ್ಟರು ಬಂದು ಇಣುಕಿ ಹೋದರು. ಎರಡು ಸಲವೂ ನಾನೇ ‘ಐದು ನಿಮಿಷ’ ಎಂದೆ. ಎರಡನೆಯ ಸಲಕ್ಕೆ ಅದು ನನ್ನ ಹಾಸ್ಟೆಲ್ಲಿನ ಐದು ನಿಮಿಷವಲ್ಲ ಎಂದು ನನಗೇ ಗೊತ್ತಿತ್ತು. ಬಿಸಿಲು ಬಾವಿಕಟ್ಟೆಯನ್ನು ಬಿಟ್ಟು ಪೇರಲೆ ಗಿಡದ ತುದಿಗೆ ಹೋಯಿತು. ಐದೂ ಹತ್ತಕ್ಕೆ ಹಿತ್ತಿಲ ಬೇಲಿಯ ದಣಪೆಯ ಗಳ ಸರಿದ ಸದ್ದಾಯಿತು. ಸುಬ್ಬು. ಜೀಪು ಇರಲಿಲ್ಲ, ಚಪ್ಪಲಿಯೂ ಒಂದೇ ಇತ್ತು. ಮೈಯೆಲ್ಲ ಬೆವರು, ಕಂಕುಳಲ್ಲಿ ಬಾಳೆಲೆಯ ಗಂಟೊಂದನ್ನು ಅವುಚಿ ಹಿಡಿದಿದ್ದ. ನನ್ನನ್ನು ಕಂಡವನೇ ಅಲ್ಲಿಯೇ ನಿಂತುಬಿಟ್ಟ.

ಅವನ ದಿನದ ಕತೆಯನ್ನು ಆಮೇಲೆ ತುಂಡುತುಂಡಾಗಿ ಕೇಳಿ ಜೋಡಿಸಿಕೊಂಡೆ. ಹೋಗುವಾಗ ಕೆಟ್ಟು ನಿಂತ ಬಸ್ಸನ್ನು ದಾಟಿಯೇ ಹೋಗಿದ್ದ. ನಿಂತ ಬಸ್ಸನ್ನು ಯಾರು ನೋಡುತ್ತಾರೆ, ನಾನು ಓಡುವ ಬಸ್ಸುಗಳಲ್ಲಿ ನಿನ್ನನ್ನು ಹುಡುಕುತ್ತಿದ್ದೆ ಎಂದ. ಯಲ್ಲಾಪುರದಲ್ಲಿ ನಾಗಮ್ಮ, ಅಕ್ಕಾವರು ಏನೂ ತಿನ್ನದೆ ಹೋದರು ಎಂದಳಂತೆ. ಅದಕ್ಕೆ ಇವನು ಅರ್ಧ ತಾಸು ಕೂತು, ಅವಳಿಂದ ಇಡ್ಲಿ ಬೇಯಿಸಿ ಕಟ್ಟಿಸಿಕೊಂಡ. ನಾನೇ ಅಲ್ಲಿ ಇಲ್ಲ, ಇಡ್ಲಿ ಯಾರಿಗೆ ಎಂದು ಅವನಿಗೆ ಹೊಳೆಯಲಿಲ್ಲ. ಬರುವಾಗ ಕಂಡಕ್ಟರು ಭೈರುಂಬೆ ಎಂದ. ಭೈರುಂಬೆಯಲ್ಲಿ ಇವನು ನಾನು ನಿಂತಿದ್ದ ಮನೆಯೊಂದನ್ನು ಬಿಟ್ಟು ಉಳಿದ ಮನೆಗಳನ್ನೆಲ್ಲ ಕೇಳಿದ, ಕೊನೆಗೆ ಅದನ್ನೂ ಕೇಳಿದ. ಶಿರಸಿಯಲ್ಲಿ ಬಸ್‌ಸ್ಟ್ಯಾಂಡು ನೋಡಿ, ಅಕ್ಕ ಖಂಡಿತ ಅಲ್ಲಿಗೆ ಹೋಗಿರುತ್ತಾಳೆ ಎಂದು ಹಳೆಯ ವಿದ್ಯಾರ್ಥಿನಿಲಯಕ್ಕೆ ಹೋದ. ಹಿಂದಿನ ಬಾಗಿಲಿಗೆ ಈಗ ಕಬ್ಬಿಣದ ಜಾಳಿಗೆ ಹಾಕಿದ್ದಾರಂತೆ. ಅಲ್ಲಿಂದ ಹೊರಟರೆ ಅರ್ಧ ದಾರಿಯಲ್ಲಿ ಡೀಸೆಲ್ ಮುಗಿಯಿತು. ಊರೆಲ್ಲರ ಇಂಜಿನ್ನು ನೋಡುವವನು ತಾನು ಹತ್ತಿದ ಜೀಪಿನ ಡೀಸೆಲ್ ನೋಡಿರಲಿಲ್ಲ. ಯಾರದೋ ಬೈಕು, ಅದರಿಂದ ಇಳಿದು ಒಂದು ಹರದಾರಿ ಓಟ. ಒಂದೊಂದು ಹೆಜ್ಜೆಯಲ್ಲೂ ಕೆನ್ನೆಗೆ ಬಾರಿಸಬೇಕೆನ್ನಿಸುವಂಥ ದಿನ.

ಬಯ್ಯುವುದಕ್ಕೆಂದೇ ಬಾಯಿ ತೆರೆದೆ. ಸುಬ್ಬು ಅಪ್ಪಯ್ಯನನ್ನು ನೋಡುತ್ತಿದ್ದ. ಆ ಕಟ್ಟೆಯ ಮೇಲೆ ಆ ಮನುಷ್ಯ ಕೂತಿರುವುದರ ಅರ್ಥ ಅವನಿಗೆ ಆಗಲಿಲ್ಲ, ಎಲ್ಲ ಮುಗಿಯಿತು ಎಂದುಕೊಂಡ. ‘ತಡ ಆತು, ಅಪ್ಪಯ್ಯ’ ಎಂದವನೇ ಎಂಟು ವರ್ಷದ ಹುಡುಗನ ಹಾಗೆ ದೊಡ್ಡ ದನಿ ತೆಗೆದು ಅಳತೊಡಗಿದ. ಅಪ್ಪಯ್ಯ ಎದ್ದ. ಬಾವಿಯ ಹತ್ತಿರದ ಕೊಡದ ಕಡೆ ಕೈ ತೋರಿಸಿದ. ಅವನ ಗಂಟಲಿನಿಂದ ಬಂದ ದನಿ ಗಂಟೆ ಹೊಡೆದು ಐವತ್ತು ಹುಡುಗರನ್ನು ಕೂರಿಸುತ್ತಿದ್ದ ದನಿಯಲ್ಲ. ಪಿಸುದನಿ. ಗೋಡೆಯ ಆಚೆಯಿಂದ ಎಷ್ಟು ವರ್ಷ, ಎಷ್ಟು ರಾತ್ರಿ ಅವನು ಅದನ್ನು ಕೇಳಿಸಿಕೊಂಡಿದ್ದನೋ, ಒಂದು ಅಕ್ಷರವೂ ಆಚೀಚೆಯಾಗಿರಲಿಲ್ಲ.

‘ಕೈಕಾಲು ತೊಳ್ಕ. ಗದ್ದಲ ಮಾಡಡ.’

ಸುಬ್ಬು ಬಾಳೆಲೆಯ ಗಂಟನ್ನು ನನ್ನ ಕೈಗೆ ತುರುಕಿ ಬಾವಿಯ ಕಡೆ ಹೋದ. ಅಪ್ಪಯ್ಯ ಅವನಿಗೆ ನೀರು ಹನಿಸಲು ಕೊಡ ಬಗ್ಗಿಸಿದ. ಇಡ್ಲಿ ತಣ್ಣಗಾಗಿ, ಅದುಮಿಹೋಗಿ, ಹುಳಿವಾಸನೆ ಬರುತ್ತಿತ್ತು. ಚಟ್ಟ ಎತ್ತುವ ಮೊದಲು ಯಾರೂ ತಿನ್ನುವಂತಿಲ್ಲ, ಎತ್ತಿದ ಮೇಲೂ ಅದನ್ನು ತಿನ್ನುವುದು ಬುದ್ಧಿವಂತಿಕೆಯಲ್ಲ. ಬಿಸಾಡಬೇಕಾದದ್ದೇ. ಮುಂದಿನಿಂದ ಭಟ್ಟರು ಕರೆಯುತ್ತಿದ್ದರು, ನಿಲ್ಲುವುದಕ್ಕೆ ಹೊತ್ತಿರಲಿಲ್ಲ. ಗಂಟನ್ನು ಕಲ್ಲುಕಟ್ಟೆಯ ಮೇಲಿಟ್ಟು, ಬೋಗುಣಿಯನ್ನು ಅದರ ಮೇಲೆ ಕವಚಿ ಹೋದೆ.